ಉಪ್ಪು ನೋಡುವವನು

ದಾವಣಗೆರೆಯಲ್ಲಿ ಮದುವೆ ಅಡುಗೆಯ ಮಾತು ಬಂದರೆ ನನ್ನ ಹೆಸರು ಬಂದೇ ಬರುತ್ತದೆ. ಮಸ್ತಾನಸಾಬನ ಕೈ ಬಿದ್ದರೆ ಬಿರಿಯಾನಿಗೆ ಬೇರೆ ಮಾತೇ ಇಲ್ಲ ಅನ್ನುತ್ತಾರೆ. ಅನ್ನಲಿ ಎಂದು ಮೂವತ್ತು ವರ್ಷ ಸುಮ್ಮನಿದ್ದೆ. ಹೊಗಳಿಕೆಯನ್ನು ಬೇಡ ಅನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ. ಈಗ ಹೇಳಿಬಿಡುತ್ತೇನೆ. ಕೈ ನನ್ನದು, ನಾಲಿಗೆ ನನ್ನದಲ್ಲ. ಎಲೆ ಜರ್ದಾ ಜಗಿದು ಜಗಿದು ನನ್ನ ನಾಲಿಗೆ ಎಂದೋ ಸತ್ತಿದೆ. ಅದರ ಮೇಲೆ ಉಪ್ಪು ಇಟ್ಟರೂ ಒಂದೇ, ಸುಣ್ಣ ಇಟ್ಟರೂ ಒಂದೇ. ಈ ಸಂಗತಿ ಗೊತ್ತಿದ್ದವರು ಇಬ್ಬರೇ, ನನ್ನ ಹೆಂಡತಿ ಮೆಹರ್ ಬಾನು ಮತ್ತು ದುರುಗಣ್ಣ. ಮೂರನೆಯವರಿಗೆ ಗೊತ್ತಾಗಬಾರದೆಂದು ನಾನು ಒಂದು ಕೆಲಸ ಮಾಡಿದೆ. ಅದನ್ನು ಹೇಳಲಿಕ್ಕೇ ಕೂತಿದ್ದೇನೆ.

ದುರುಗಣ್ಣ ಹದಡಿಯವನು, ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನು. ನನ್ನ ತಂದೆಯ ಕಾಲದಲ್ಲಿ ಕಟ್ಟಿಗೆ ಒಡೆಯುವ ಕೆಲಸಕ್ಕೆ ಬಂದವನು, ಬಂದ ವರ್ಷವೇ ಉಪ್ಪು ನೋಡುವವನಾದ. ಅದಕ್ಕೆ ಕಾರಣ ರಂಜಾನ್. ನಮ್ಮ ಮಸೀದಿಯ ಇಫ್ತಾರಿಗೆ ಗಂಜಿ ಬೇಯಿಸುವುದು ನಮ್ಮ ಮನೆತನದ ಕೆಲಸ. ಬೇಯಿಸುವವರೆಲ್ಲ ರೋಜಾ ಹಿಡಿದಿರುತ್ತೇವೆ, ಹನಿ ನೀರೂ ಗಂಟಲಿಗೆ ಇಳಿಸುವಂತಿಲ್ಲ. ಹಾಗಾದರೆ ಉಪ್ಪು ನೋಡುವವರು ಯಾರು? ಅಡುಗೆಯವನು ನಾಲಿಗೆಯ ತುದಿಗೆ ಮುಟ್ಟಿಸಿಕೊಂಡು ಉಗುಳಿದರೆ ರೋಜಾ ಮುರಿಯುವುದಿಲ್ಲ ಎಂದು ಮೌಲಾನಾ ಹೇಳಿದ್ದರು. ನನ್ನ ತಂದೆ ಒಪ್ಪಲಿಲ್ಲ. "ನೂರಾರು ಮಂದಿ ರೋಜಾ ಬಿಡೋ ಅನ್ನದ ಮುಂದೆ ನಿಂತು ಥೂ ಅಂತ ಉಗುಳ್ತೀರೇನೋ? ನಾಚಿಕೆ ಆಗಲ್ವಾ?" ಎಂದು ಬೈದು, ಕಟ್ಟಿಗೆ ಒಡೆಯುತ್ತಿದ್ದ ದುರುಗಣ್ಣನನ್ನು ಕರೆದು ಅವನ ಅಂಗೈಗೆ ಒಂದು ಸೌಟು ಗಂಜಿ ಹಾಕಿದರು.

ಅವನು ನೆಕ್ಕಿದ. ಎಡಗಣ್ಣು ಮುಚ್ಚಿದ. "ಅರ್ಧ ಹಿಡಿ ಉಪ್ಪು ಬೇಕು. ಶುಂಠಿ ಜಾಸ್ತಿ ಆಗೇತಿ, ಒಂದಿಷ್ಟು ಹಾಲು ಹಾಕ್ರಿ" ಅಂದ. ತಂದೆ ಹಾಕಿದರು. ಆ ಸಂಜೆ ರೋಜಾ ಬಿಟ್ಟವರೆಲ್ಲ ಎರಡೆರಡು ಬಟ್ಟಲು ಕುಡಿದರು. ಆಮೇಲೆ ರಂಜಾನ್ ಅಷ್ಟೇ ಅಲ್ಲ, ಮದುವೆ, ಸುನ್ನತಿ, ಯಾವ ಊಟವೇ ಇರಲಿ, ದುರುಗಣ್ಣ ಕಣ್ಣು ಮುಚ್ಚಿ ತೆರೆಯುವವರೆಗೆ ನಮ್ಮ ಪಾತ್ರೆಗೆ ಮುಚ್ಚಳ ಬೀಳುತ್ತಿರಲಿಲ್ಲ. ತಂದೆ ಹೋದರು, ನನ್ನ ಬಾಯಿಗೆ ಜರ್ದಾ ಬಂತು, ನಾನು ಪೂರಾ ಅವನ ನಾಲಿಗೆಯ ಮೇಲೇ ಬಿದ್ದೆ.

ಅವನೂ ಉಗುಳುವವನಲ್ಲ. "ಎಲ್ಲಾರೂ ಉಣ್ಣೋದನ್ನ ನಾನು ಉಗುಳಿದ್ರೆ ನೋಡ್ದೋರು ಏನಂದಾರು ಸಾಬ್ರೆ?" ಅನ್ನುತ್ತಿದ್ದ. ಕುದಿಯುವ ಮಸಾಲೆ, ಹಸಿ ಖಾರ, ನಿಂಬೆಹುಳಿ, ಎಲ್ಲ ಅಂಗೈಯಿಂದ ನಾಲಿಗೆಗೆ, ನಾಲಿಗೆಯಿಂದ ಹೊಟ್ಟೆಗೆ. ಅದೂ ಖಾಲಿ ಹೊಟ್ಟೆಗೆ. ಹೊಟ್ಟೆ ತುಂಬಿದರೆ ನಾಲಿಗೆ ಮಂದವಾಗುತ್ತದೆ ಎಂದು ಅಡುಗೆಯ ದಿನ ಅವನು ಬೆಳಗ್ಗೆಯಿಂದ ಏನೂ ತಿನ್ನುತ್ತಿರಲಿಲ್ಲ, ಬರೀ ಚಹಾ. ಕೊನೆಯ ಪಂಕ್ತಿ ಎದ್ದ ಮೇಲೆ ತಟ್ಟೆ ತುಂಬ ಹಾಕಿಕೊಂಡು ಗಬಗಬ ಉಂಡು, ಅಲ್ಲೇ ಅಕ್ಕಿ ಚೀಲದ ಮೇಲೆ ಅಡ್ಡಾಗುತ್ತಿದ್ದ. ನಾವೆಲ್ಲರೂ ಹಾಗೇ ಮಲಗುತ್ತಿದ್ದೆವು. ಅದರಲ್ಲಿ ತಪ್ಪೇನಿದೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಎದೆ ಉರಿ ಶುರುವಾಗಿ ಎಷ್ಟು ವರ್ಷವಾಯಿತೋ ಅವನಿಗೇ ನೆನಪಿಲ್ಲ. ಮೊದಲು ಹುಳಿತೇಗು, ಆಮೇಲೆ ಬಗ್ಗಿ ಒಲೆ ಊದಿದರೆ ಬಾಯಿಗೆ ಹುಳಿನೀರು. ಸೋಡಾ ಕುಡಿದ, ಜೀರಿಗೆ ನೀರು ಕುಡಿದ, ತಣ್ಣನೆ ಹಾಲು ಕುಡಿದ. ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕೇಳಿ ತಂದು ಉರಿದ ದಿನ ನುಂಗುತ್ತಿದ್ದ, ಉರಿಯದ ದಿನ ಮರೆಯುತ್ತಿದ್ದ. ನಾನು ತಮಾಷೆ ಮಾಡುತ್ತಿದ್ದೆ. "ನಿನ್ನ ಎದೆ ಮೇಲೆ ಒಂದು ಪಾತ್ರೆ ಇಟ್ಟುಬಿಡ್ತೀನಿ ನೋಡು, ಕಟ್ಟಿಗೆ ಉಳಿತೈತೆ." ಅವನೂ ನಗುತ್ತಿದ್ದ. ನಕ್ಕರೆ ಕೆಮ್ಮು ಬರುತ್ತಿತ್ತು. ಆ ಕೆಮ್ಮು ನಿಲ್ಲದೆ ದನಿ ಒಡೆದು ಹೋದಾಗ ಅವನ ಹೆಂಡತಿ ತಿಮ್ಮವ್ವ ನನ್ನ ಮನೆ ಬಾಗಿಲಿಗೆ ಬಂದು ನಿಂತಳು. "ಅಣ್ಣಾರೆ, ನಾನು ಹೇಳಿದ್ರೆ ಕೇಳಂಗಿಲ್ಲ. ನೀವು ಕರ್ಕೊಂಡು ಹೋಗ್ರಿ" ಅಂದಳು. ಅದು ಮೂರು ವರ್ಷದ ಹಿಂದಿನ ಮಾತು. ರಂಜಾನ್‌ಗೆ ಇನ್ನು ಇಪ್ಪತ್ತು ದಿನವಿತ್ತು.

ಎಂ.ಸಿ.ಸಿ. ಬಡಾವಣೆಯ ಆಸ್ಪತ್ರೆಗೆ ನನ್ನ ಸ್ಕೂಟರ್ ಮೇಲೆ ಕೂರಿಸಿಕೊಂಡು ಹೋದೆ. ಬಾಯಿಂದ ಕೊಳವೆ ಇಳಿಸಿ ನೋಡಿದರು. ಡಾಕ್ಟರ್ ಹೆಂಗಸು, ಚಿಕ್ಕ ವಯಸ್ಸು, ಆದರೆ ಮಾತಿನಲ್ಲಿ ಅವಸರವಿಲ್ಲ. ಕಾಗದದ ಮೇಲೆ ಹೊಟ್ಟೆಯ ಚಿತ್ರ ಬರೆದು ತೋರಿಸಿದರು.

"ಅನ್ನನಾಳಕ್ಕೂ ಹೊಟ್ಟೆಗೂ ನಡುವೆ ಒಂದು ಬಾಗಿಲು ಇರುತ್ತೆ. ನಿಮ್ಮದು ಸಡಿಲ ಆಗಿದೆ. ಹೊಟ್ಟೆಯ ಮೇಲ್ಭಾಗವೂ ಸ್ವಲ್ಪ ಮೇಲಕ್ಕೆ ಸರಿದಿದೆ. ಆಸಿಡ್ ಮೇಲೆ ಬಂದು ಬಂದು ಹುಣ್ಣಾಗಿದೆ."

"ಮಾತ್ರೆ ತಗೊಂತಾನೇ ಅದೀನಿ ಮೇಡಂ" ಅಂದ ದುರುಗಣ್ಣ.

"ಹೇಗೆ ತಗೊಳ್ತೀರಿ? ಉರಿದಾಗ ಮಾತ್ರ ತಾನೇ? ಅದು ಸರಿಯಲ್ಲ. ತಿಂಡಿಗೆ ಅರ್ಧ ಗಂಟೆ ಮೊದಲು, ದಿನಾ, ತಪ್ಪಿಸದೆ ತಗೋಬೇಕು. ಮಾತ್ರೆ ಆಸಿಡ್ ಕಡಿಮೆ ಮಾಡುತ್ತೆ ಅಷ್ಟೆ, ಬಾಗಿಲು ರಿಪೇರಿ ಮಾಡಲ್ಲ. ಜೊತೆಗೆ ನೀವೂ ಬದಲಾಗಬೇಕು. ಹೊತ್ತಿಗೆ ಸರಿಯಾಗಿ ಸ್ವಲ್ಪ ಸ್ವಲ್ಪ ಊಟ. ಖಾರ, ಮಸಾಲೆ, ಚಹಾ ಕಡಿಮೆ. ಉಂಡು ಮೂರು ಗಂಟೆ ಮಲಗೋ ಹಾಗಿಲ್ಲ."

"ಇವನ ಕೆಲಸಾನೇ ಮಸಾಲೆ ನೆಕ್ಕೋದು ಡಾಕ್ಟ್ರೆ" ಅಂದೆ ನಾನು. ಅವರು ನಗಲಿಲ್ಲ.

"ಇನ್ನೊಂದು ದಾರಿ ಆಪರೇಷನ್. ಹೊಟ್ಟೆಯ ಮೇಲ್ಭಾಗವನ್ನ ಅನ್ನನಾಳದ ಸುತ್ತ ಸುತ್ತಿ ಹೊಲೀತಾರೆ. ಸಣ್ಣ ಸಣ್ಣ ತೂತು ಹಾಕಿ ಮಾಡ್ತಾರೆ, ಅದಕ್ಕೂ ಮೊದಲು ಇನ್ನೊಂದೆರಡು ಟೆಸ್ಟ್ ಇದೆ. ಆಮೇಲೆ ಒಂದೂವರೆ ತಿಂಗಳು ಮೆತ್ತಗಿನ ಊಟ, ಭಾರ ಎತ್ತಬಾರದು. ಕೆಲವರಿಗೆ ತೇಗು ಬರಲ್ಲ, ಹೊಟ್ಟೆ ಉಬ್ಬುತ್ತೆ. ಕೆಲವರಿಗೆ ವರ್ಷಗಳ ಮೇಲೆ ಮತ್ತೆ ಮಾತ್ರೆ ಬೇಕಾಗಬಹುದು. ಎಲ್ಲರಿಗೂ ಆಪರೇಷನ್ ಬೇಕು ಅಂತ ನಾನು ಹೇಳಲ್ಲ. ಈ ಕೆಲಸ ಬಿಡೋಕೆ ಆಗುತ್ತೆ ಅಂದ್ರೆ ಮಾತ್ರೆಯಲ್ಲೇ ನೋಡೋಣ. ಬಿಡೋಕಾಗಲ್ಲ ಅಂದ್ರೆ ಆಪರೇಷನ್ ಯೋಚನೆ ಮಾಡಿ. ಎರಡೂ ಮಾಡದೆ ಹೀಗೇ ಇದ್ದರೆ ಅನ್ನನಾಳ ಕಿರಿದಾಗುತ್ತಾ ಹೋಗುತ್ತೆ, ಅನ್ನ ಇಳಿಯೋದೇ ಕಷ್ಟ ಆಗುತ್ತೆ."

ಇಷ್ಟು ಬಿಡಿಸಿ ಹೇಳಿದ ಮೇಲೆ ತಿಳಿಯಲಿಲ್ಲ ಅನ್ನುವ ಹಾಗಿಲ್ಲ. ನನಗೂ ತಿಳಿಯಿತು, ಅವನಿಗೂ ತಿಳಿಯಿತು.

ವಾಪಸು ಬರುವಾಗ ಮಂಡಕ್ಕಿ ಅಂಗಡಿ ಮುಂದೆ ನಿಲ್ಲಿಸಿದೆ. ಅವನು ಮಂಡಕ್ಕಿ ತೆಗೆದುಕೊಂಡ, ಮಿರ್ಚಿಯ ಕಡೆ ನೋಡಿ ಬೇಡವೆಂದು ತಲೆ ಆಡಿಸಿದ. ಅವನು ಮಿರ್ಚಿ ಬೇಡ ಅಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಮಾಡಿಸ್ಕೊಂಡುಬಿಡ್ತೀನಿ ಸಾಬ್ರೆ" ಅಂದ. "ಈ ಕೆಲಸ ಬಿಟ್ಟು ನಾನೇನು ಮಾಡ್ಲಿ? ಎರಡು ತಿಂಗಳು ಮನ್ಯಾಗ ಬಿದ್ಕೊಂಡು ಎದ್ದು ಬರ್ತೀನಿ. ನೀವು ಹೆಂಗೋ ಸುಧಾರಿಸ್ಕೊಳ್ರಿ."

ಹೆಂಗೋ ಸುಧಾರಿಸಿಕೊಳ್ಳುವುದು! ಇಪ್ಪತ್ತು ದಿನಕ್ಕೆ ರಂಜಾನ್, ಅದು ಮುಗಿಯುತ್ತಲೇ ಸಾಲು ಸಾಲು ಮದುವೆ. ಮುಚ್ಚಳ ತೆಗೆದು ಸಪ್ಪೆ ಬಿರಿಯಾನಿ ಬಡಿಸಿ, ಬೀಗರ ಮುಂದೆ ನಿಂತು ಬೆವರು ಒರೆಸಿಕೊಳ್ಳುವ ನನ್ನ ಮುಖ ನನಗೇ ಕಂಡಿತು. ಮಸ್ತಾನಸಾಬನ ನಾಲಿಗೆ ಸತ್ತಿದೆ ಎಂದು ಊರು ಮಾತಾಡುವುದು ಕೇಳಿಸಿತು. ಅವನ ಎದೆಯ ಉರಿಗಿಂತ ನನ್ನ ಹೆಸರಿನ ಚಿಂತೆ ದೊಡ್ಡದಾಯಿತು. ಇದಕ್ಕೆ ಬೇರೆ ಬಣ್ಣ ಹಚ್ಚುವುದಿಲ್ಲ.

"ನಮ್ಮ ಅಕೀಬ್ ಗೊತ್ತಲ್ಲ, ಹರಿಹರದ ನಮ್ಮ ಚಿಕ್ಕಪ್ಪನ ಮಗ" ಅಂದೆ. "ಇದೇ ಆಪರೇಷನ್ ಮಾಡಿಸ್ಕೊಂಡ. ಎರಡು ವರ್ಷ ಆತು."

"ಹೌದಾ? ಹೆಂಗದಾರೆ?"

"ಉರಿ ಏನೋ ಹೋತು. ನಾಲಿಗೇನೂ ಹೋತು. ಈಗ ಅವನಿಗೆ ಉಪ್ಪೂ ಗೊತ್ತಾಗಂಗಿಲ್ಲ, ಸಕ್ರೇನೂ ಗೊತ್ತಾಗಂಗಿಲ್ಲ. ಸುಮ್ನೆ ಹೊಟ್ಟಿಗೆ ಹಾಕ್ಕೊಂತಾನೆ."

ಅಕೀಬ್ ಆಪರೇಷನ್ ಮಾಡಿಸಿಕೊಂಡದ್ದು ನಿಜ. ಉಳಿದದ್ದೆಲ್ಲ ಅಲ್ಲೇ ಮಂಡಕ್ಕಿಯ ಜೊತೆ ಹುಟ್ಟಿದ ಸುಳ್ಳು. ಅಷ್ಟು ಸಲೀಸಾಗಿ ನಾನು ಅಡುಗೆಯನ್ನೂ ಮಾಡಿಲ್ಲ.

ದುರುಗಣ್ಣ ಕೈಲಿದ್ದ ಮಂಡಕ್ಕಿಯನ್ನು ಪೇಪರಿಗೆ ವಾಪಸು ಹಾಕಿದ. "ಡಾಕ್ಟ್ರಮ್ಮ ಅದನ್ನ ಹೇಳಲಿಲ್ಲಲ್ಲ?"

"ಅವರು ಎಲ್ಲಾ ಹೇಳ್ತಾರೇನು? ಮೊದಲು ಮಾತ್ರೆ ಸರಿಯಾಗಿ ತಗೋ. ಈ ರಂಜಾನ್ ಒಂದು ಮುಗೀಲಿ, ಆಮೇಲೆ ನೋಡಿದ್ರಾತು."

ಅವನು ಪೇಪರ್ ಮಡಿಚಿ ಮಂಡಕ್ಕಿಯನ್ನು ಕಟ್ಟಿಟ್ಟ. ಆಮೇಲೆ "ಆತು ಬಿಡ್ರಿ" ಅಂದ.

ಹದಿನೈದು ದಿನ ಬಿಟ್ಟು, ಆಪರೇಷನ್ ಬ್ಯಾಡ ಅಂತ ಮಾಡೀನಿ, ಮಾತ್ರೇನೇ ನೋಡ್ತೀನಿ ಎಂದು ಬಂದು ಹೇಳಿದ. ನನಗೆ ಉಸಿರು ಬಂದಂತಾಯಿತು. ಮಂಚದ ತಲೆಯ ಕಡೆ ಎರಡು ಇಟ್ಟಿಗೆ ಇಟ್ಟುಕೊಂಡ. ಮಾತ್ರೆಯನ್ನು ಬೆಳಗ್ಗೆ ಹೊತ್ತಿಗೆ ಸರಿಯಾಗಿ ನುಂಗಿದ. ಆದರೆ ನುಂಗಿ ಏನು ಬಂತು? ಮಧ್ಯಾಹ್ನಕ್ಕೆ ಅದೇ ಅಂಗೈ, ಅದೇ ಮಸಾಲೆ, ಅದೇ ಖಾಲಿ ಹೊಟ್ಟೆ. ನಾನು ದಿನಾ ಕೇಳುತ್ತಿದ್ದೆ, ಮಾತ್ರೆ ತಗೊಂಡ್ಯಾ ಎಂದು. ಹಾಗೆ ಕೇಳುವಾಗ ನನಗೆ ನಾನೇ ಬಹಳ ಒಳ್ಳೆಯವನಾಗಿ ಕಾಣುತ್ತಿದ್ದೆ.

ಆ ವರ್ಷ ಈದ್ ದಿನ ನಮ್ಮ ಮನೆಯಲ್ಲಿ ಶೀರ್‌ಕುರ್ಮಾ ಪಾಯಸ ಕುಡಿಯುತ್ತಾ ಅವನು ಕೇಳಿದ. "ಅಕೀಬಣ್ಣ ಹೆಂಗದಾರೆ ಸಾಬ್ರೆ? ನಾಲಿಗೆ ತಿರುಗಿ ಬಂತಾ?"

"ಎಲ್ಲಿ ಬರ್ತತೆ ಬಿಡು" ಅಂದೆ.

ಅವನು ತಲೆ ಆಡಿಸಿದ, ಬಟ್ಟಲು ಖಾಲಿ ಮಾಡಿದ. ಮರುವರ್ಷ ರಂಜಾನ್ ಶುರುವಾಗುವ ಮುಂಚೆ ಮತ್ತೆ ಅದೇ ಪ್ರಶ್ನೆ. ಅದರ ಮರುವರ್ಷವೂ. ಮೂರನೆಯ ಸಲ ನನಗೆ ರೇಗಿತು. "ನಿನಗ್ಯಾಕ ಅವನ ನಾಲಿಗೆ ಚಿಂತೆ? ಹಂಗೇ ಐತೆ. ಸತ್ತಿದ್ದು ಎದ್ದು ಬರ್ತೈತೇನು?" ಅಂದೆ. ಮೆಹರ್ ಬಾನು ಒಳಗಿಂದ ನನ್ನ ಕಡೆ ಒಂದು ನೋಟ ನೋಡಿದಳು. ಅವಳಿಗೆ ನಾನು ಏನೂ ಹೇಳಿರಲಿಲ್ಲ. ಆದರೆ ಅಕೀಬ್ ಹಿಂದಿನ ತಿಂಗಳಷ್ಟೇ ಬಂದು ಅವಳ ಕೈಯ ಬದನೆಕಾಯಿ ಪಲ್ಯ ಹೊಗಳಿ ಎರಡು ಸಲ ಹಾಕಿಸಿಕೊಂಡು ಉಂಡು ಹೋಗಿದ್ದ.

ಹೋದ ವರ್ಷದ ಮದುವೆ ಕಾಲದಲ್ಲಿ, ಕೊನೆಯ ಪಂಕ್ತಿ ಎದ್ದ ಮೇಲೆ ದುರುಗಣ್ಣ ತಟ್ಟೆ ಹಾಕಿಕೊಂಡು ಕೂತ. ನಾಲ್ಕನೆಯ ತುತ್ತಿಗೆ ಎದೆ ಹಿಡಿದುಕೊಂಡು ಎದ್ದು ನಿಂತ. ಮಾತು ಇಲ್ಲ, ಕಣ್ಣಲ್ಲಿ ನೀರು, ಬಾಯಿಂದ ಜೊಲ್ಲು. ಮಾಂಸದ ತುಂಡು ನಡುವೆ ಸಿಕ್ಕಿಕೊಂಡಿತ್ತು, ಕೆಳಗೂ ಹೋಗದು ಮೇಲೂ ಬಾರದು. ಆಟೋದಲ್ಲಿ ಹಾಕಿಕೊಂಡು ಅದೇ ಆಸ್ಪತ್ರೆಗೆ ಓಡಿದೆವು. ಕೊಳವೆ ಇಳಿಸಿ ತೆಗೆದರು. ಮಾರನೆಯ ದಿನ ಅದೇ ಡಾಕ್ಟರ್ ಬಂದು ಹಳೆಯ ಕಾಗದ ನೋಡಿದರು.

"ಅನ್ನನಾಳ ಕಿರಿದಾಗಿದೆ. ಆವತ್ತೇ ಹೇಳಿದ್ದೆನಲ್ಲ. ಯಾಕೆ ಬರಲಿಲ್ಲ?"

ದುರುಗಣ್ಣ ನನ್ನ ಮುಖ ನೋಡಿದ. ಆಮೇಲೆ ನೆಲ ನೋಡಿದ. "ಕೆಲಸ ಇತ್ತು ಮೇಡಂ" ಅಂದ.

ಬಲೂನಿನಂಥದ್ದನ್ನು ಒಳಗೆ ಇಳಿಸಿ ಊದಿ ಅಗಲ ಮಾಡಿದರು. ಎರಡು ತಿಂಗಳಿಗೆ ಮತ್ತೆ ಕಿರಿದಾಯಿತು, ಮತ್ತೆ ಮಾಡಿದರು. ಆಪರೇಷನ್ ಮಾತು ನಾನೇ ಎತ್ತಿದೆ. ಈಗ ಅದು ಮೊದಲಿನಷ್ಟು ಸಲೀಸಲ್ಲ, ಮೊದಲು ದಾರಿ ಅಗಲವಾಗಿ ನಿಲ್ಲಲಿ, ಆಮೇಲೆ ನೋಡೋಣ ಎಂದರು. ದುರುಗಣ್ಣ ಕೆಲಸ ಬಿಟ್ಟ. ಸರಸ್ವತಿ ನಗರದ ಬಾಡಿಗೆ ಮನೆಯಲ್ಲಿ ಕೂತು ರಾಗಿ ಅಂಬಲಿ, ಬೇಳೆಕಟ್ಟು ಕುಡಿಯುತ್ತಾನೆ. ಎರಡು ರೊಟ್ಟಿಯನ್ನು ನಿಂತಲ್ಲೇ ಮುಗಿಸುತ್ತಿದ್ದ ಮನುಷ್ಯ. ನಾನು ವಾರಕ್ಕೊಮ್ಮೆ ಹೋಗಿ ಕಿತ್ತಳೆ ಬಿಟ್ಟು ಬೇರೆ ಹಣ್ಣು ಕೊಟ್ಟು ಬರುತ್ತಿದ್ದೆ. ಹುಳಿ ಆಗುವುದಿಲ್ಲವೆಂಬುದು ನೆನಪಿಟ್ಟಿದ್ದೇನೆ ಎಂದು ತೋರಿಸಲು, ಕಿತ್ತಳೆ ತರಲಿಲ್ಲ ನೋಡು ಎಂದು ಬಾಯಿಬಿಟ್ಟು ಹೇಳುತ್ತಿದ್ದೆ. ಇಂಥ ಸಣ್ಣತನಗಳೂ ನನ್ನಲ್ಲಿವೆ.

ಈ ಸಲ ರಂಜಾನ್‌ಗೆ ನಾಲ್ಕು ದಿನ ಮುಂಚೆ ಹರಿಹರದಲ್ಲಿ ಅಕೀಬನ ಮಗಳ ನಿಶ್ಚಿತಾರ್ಥವಿತ್ತು. ಅವನು ಕೆಲಸ ಬಿಟ್ಟ ಮೇಲೆ ಏನಾದರೊಂದು ನೆಪ ಹೇಳಿ ಯಾವ ಅಡುಗೆಯನ್ನೂ ಒಪ್ಪಿಕೊಂಡಿರಲಿಲ್ಲ, ಆದರೆ ಇದು ಮನೆಯ ಕೆಲಸ, ಬೇಡ ಅನ್ನುವಂತಿರಲಿಲ್ಲ. ದುರುಗಣ್ಣನಿಲ್ಲದೆ ನಾನು ಅಳತೆಯ ಮೇಲೆ ಉಪ್ಪು ಹಾಕಿದ್ದೆ, ಇಷ್ಟು ಅಕ್ಕಿಗೆ ಇಷ್ಟು ಎಂದು. ಅಳತೆಯಲ್ಲೇ ಎಲ್ಲ ಬರುವುದಾದರೆ ಅಡುಗೆಯವರು ಯಾಕೆ ಬೇಕು? ಮನೆಯವರಿಗೆ ಮೊದಲು ಬಡಿಸಿದೆ. ಅಕೀಬ್ ಒಂದು ತುತ್ತು ಬಾಯಿಗೆ ಇಟ್ಟವನೇ ನನ್ನ ಕಡೆ ತಿರುಗಿದ.

"ಭಾಯ್, ಇದೇನಿದು? ಉಪ್ಪೇ ಇಲ್ಲ!"

ಯಾರ ನಾಲಿಗೆ ಸತ್ತಿದೆ ಎಂದು ನಾನು ಮೂರು ವರ್ಷ ಹೇಳಿಕೊಂಡು ಬಂದಿದ್ದೆನೋ ಅವನೇ ನನ್ನ ಅಡುಗೆಗೆ ಉಪ್ಪಿಲ್ಲ ಎಂದು ಹಿಡಿದು ಹೇಳಿದ. ನಾನು ಏನೋ ನೆಪ ಹೇಳುತ್ತಿದ್ದೆ. ಅಷ್ಟರಲ್ಲಿ ಅವನ ಹೆಂಡತಿ ನುಜತ್ ಉಪ್ಪಿನ ಡಬ್ಬಿ ತಂದಿಟ್ಟು ನಕ್ಕಳು.

"ನಿಮ್ಮ ದುರುಗಣ್ಣ ಯಾಕ ಬರ್ಲಿಲ್ಲ ಭಾಯಿಜಾನ್? ಅವ್ರಿದ್ದಿದ್ರೆ ಹಿಂಗಾಗ್ತಿರ್ಲಿಲ್ಲ. ಆವತ್ತು ಇಲ್ಲೇ ಕೂತು ಉಂಡು ಹೋಗಿದ್ರಲ್ಲ, ನನ್ನ ಸಾರು ಬಾಯಿಗೆ ಇಟ್ಟ ತಕ್ಷಣ ಧನಿಯಾ ಹಳೇದು ಅಂತ ಹೇಳಿಬಿಟ್ರು."

"ಯಾವತ್ತು?" ಅಂದೆ.

"ಮೂರು ವರ್ಷ ಆತು. ರಂಜಾನ್‌ಗೆ ಇನ್ನೊಂದು ವಾರ ಇತ್ತು. ಬಸ್ಸಿಗೆ ಬಂದಿದ್ರು. ಇವರ ಆಪರೇಷನ್ ಬಗ್ಗೆ ಎಲ್ಲಾ ಕೇಳಿದ್ರು. ರುಚಿ ಗೊತ್ತಾಗ್ತತಾ, ರುಚಿ ಗೊತ್ತಾಗ್ತತಾ ಅಂತ ಅದನ್ನೇ ಹತ್ತು ಸಲ ಕೇಳಿದ್ರು. ಆವತ್ತು ಸಾರಿಗೆ ಉಪ್ಪು ಹೆಚ್ಚಾಗಿತ್ತು, ಇವರು ನನ್ನ ಮೇಲೆ ಎಗರಾಡಿದ್ರು. ಅದನ್ನ ನೋಡಿ ದುರುಗಣ್ಣ ನಕ್ಕಿದ್ದೇ ನಕ್ಕಿದ್ದು. ಹೋಗುವಾಗ ಮಾತ್ರ, ನಾನು ಬಂದಿದ್ದು ಸಾಬ್ರಿಗೆ ಹೇಳಬ್ಯಾಡ್ರಿ ಅಂದ್ರು. ಯಾಕೋ ಏನೋ, ನಾನೂ ಇಷ್ಟು ದಿನ ಹೇಳಿರ್ಲಿಲ್ಲ ನೋಡಿ."

ನಾನು ಅಲ್ಲೇ ಪಾತ್ರೆಯ ಪಕ್ಕ ಕೂತುಬಿಟ್ಟೆ. ಮೂರು ವರ್ಷ ಅವನು ಕೇಳಿದ ಮೂರು ಪ್ರಶ್ನೆಗಳೂ ಒಂದರ ಹಿಂದೆ ಒಂದು ಕಿವಿಯಲ್ಲಿ ಕೂಗಿದವು. ಅಕೀಬಣ್ಣ ಹೆಂಗದಾರೆ? ನಾಲಿಗೆ ತಿರುಗಿ ಬಂತಾ? ಉತ್ತರ ಗೊತ್ತಿದ್ದೇ ಕೇಳಿದ್ದ. ನಾನು ಮೂರು ಸಲವೂ ಹಳೆಯ ಸುಳ್ಳನ್ನೇ ತಿರುಗಿ ಬಡಿಸಿದ್ದೆ, ಕೊನೆಯ ಸಲ ಬೈದು ಬಡಿಸಿದ್ದೆ. ಆ ಬಿರಿಯಾನಿಯನ್ನು ಹರಿಹರದ ಬಂಧುಗಳು ಉಪ್ಪು ಉದುರಿಸಿಕೊಂಡು ಉಂಡರು. ನನ್ನ ಹೆಸರಿಗೆ ಏನಾಯಿತು ಎಂದು ಆ ದಿನ ನನಗೆ ಯೋಚನೆಯೇ ಬರಲಿಲ್ಲ.

ಮೂರು ದಿನ ಸರಸ್ವತಿ ನಗರದ ಕಡೆ ಹೋಗುವ ಧೈರ್ಯವಾಗಲಿಲ್ಲ. ನಾಲ್ಕನೆಯ ದಿನ ಮೊದಲ ರೋಜಾ. ಮಧ್ಯಾಹ್ನದ ಹೊತ್ತಿಗೆ ಮಸೀದಿಯ ಹಿತ್ತಲಲ್ಲಿ ಗಂಜಿ ಕುದಿಯಿತು. ಅಕ್ಕಿ, ಹೆಸರುಬೇಳೆ, ಕೈಮಾ, ಶುಂಠಿ ಬೆಳ್ಳುಳ್ಳಿ, ಎಲ್ಲ ಬಿದ್ದಿತ್ತು. ಉಪ್ಪು ನೋಡುವವರಿರಲಿಲ್ಲ. ನಾನು ಒಂದು ಸಣ್ಣ ಟಿಫಿನ್ನಿಗೆ ಗಂಜಿ ತುಂಬಿಕೊಂಡು ಸ್ಕೂಟರ್ ಹತ್ತಿದೆ.

ದುರುಗಣ್ಣ ಗೋಡೆಗೆ ದಿಂಬು ಆನಿಸಿಕೊಂಡು ಕೂತಿದ್ದ. ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿತ್ತು. ತಿಮ್ಮವ್ವ ಚಾಪೆ ಹಾಕಿ, "ಬರ್ರಿ ಅಣ್ಣಾರೆ, ಕೂಡ್ರಿ. ರೋಜಾ ಅಲ್ವಾ, ನೀರು ಕೇಳಂಗೂ ಇಲ್ಲ" ಅಂದಳು.

ನಾನು ಕೂರಲಿಲ್ಲ. ಕೂತರೆ ಮಾತು ಹೊರಡುವುದಿಲ್ಲ ಎಂದು ನಿಂತೇ ಹೇಳಿದೆ. "ದುರುಗಣ್ಣ, ನಾನು ನಿನಗೆ ಸುಳ್ಳು ಹೇಳಿದ್ದೆ. ಅಕೀಬನ ನಾಲಿಗೆ ಹೋಗಿರ್ಲಿಲ್ಲ."

"ಗೊತ್ತು" ಅಂದ.

"ನುಜತ್ ಹೇಳಿದ್ಲು. ಗೊತ್ತಿದ್ದೂ ಯಾಕ ಸುಮ್ನಿದ್ದೆ? ಬೈಬೇಕಿತ್ತು, ಹೊಡಿಬೇಕಿತ್ತು. ಹೋಗಿ ಮಾಡಿಸ್ಕೋಬೇಕಿತ್ತು ನೀನು!"

ನನ್ನ ದನಿ ಏರಿತ್ತು. ತಪ್ಪು ನನ್ನದು, ಸಿಟ್ಟೂ ನನ್ನದೇ. ತಿಮ್ಮವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟು ಗಂಡನ ಮುಖ ನೋಡಿದಳು. ಅವಳಿಗೂ ಇದು ಹೊಸ ಸುದ್ದಿ.

ದುರುಗಣ್ಣ ನಿಧಾನವಾಗಿ ಹೇಳಿದ. ಅವನ ದನಿ ಈಗ ಬರೀ ಗಾಳಿ. "ಹರಿಹರದಿಂದ ಬರುವಾಗ ಬಸ್ಸಿನಾಗ ಸಿಟ್ಟು ಬಂದಿತ್ತು ಸಾಬ್ರೆ. ಮನೀಗೆ ಬರೋ ಹೊತ್ತಿಗೆ ಒಂಥರಾ ಸಂತೋಷ ಆತು. ನನ್ನ ಬಿಟ್ಟು ಸಾಬ್ರಿಗೆ ನಡೆಯಂಗಿಲ್ಲ, ಅದಕ್ಕೇ ಸುಳ್ಳು ಹೇಳ್ಯಾರೆ ಅಂತ. ಇಷ್ಟು ವರ್ಷದಾಗ ನೀವು ನನ್ನ ನಾಲಿಗೆ ಬಗ್ಗೆ ಯಾರ ಮುಂದೇನೂ ಒಂದು ಮಾತು ಆಡಿರ್ಲಿಲ್ಲ. ಅದಕ್ಕೆ ಎಷ್ಟು ಬೆಲೆ ಐತೆ ಅಂತ ಆ ಸುಳ್ಳಿನಾಗ ಆಡಿದ್ರಿ."

ನಾನು ಚಾಪೆಯ ಮೇಲೆ ಕೂತೆ.

"ಈ ರಂಜಾನ್ ಒಂದು ಮುಗೀಲಿ ಅಂದಿದ್ರಲ್ಲ? ಮುಗಿದ ಮೇಲೆ ನೀವೇ ಹೇಳ್ತೀರಿ ಅನ್ಕೊಂಡೆ. ಲೇ, ಸುಳ್ಳು ಹೇಳಿದ್ದೆ ಕಣೋ, ಹೋಗಿ ಮಾಡಿಸ್ಕೊ ಅಂತೀರಿ ಅಂತ. ಅದಕ್ಕೇ ಕೇಳ್ತಿದ್ದೆ, ಅಕೀಬಣ್ಣ ಹೆಂಗದಾರೆ ಅಂತ. ಮೂರು ಸಲ ಕೇಳಿದೆ." ಅವನು ಕೆಮ್ಮಿದ, ಎದೆ ಒತ್ತಿಕೊಂಡ. "ನಂದೂ ಹುಚ್ಚೇ. ನೀವು ಹೇಳ್ಲಿ ಅಂತ ಕಾದೆ."

ಕ್ಷಮಿಸು ಎನ್ನಬೇಕೆಂದು ಬಾಯಿ ತೆರೆದೆ. ಆ ಮಾತು ಬಹಳ ಸಣ್ಣದಾಗಿ ಕಂಡಿತು. ಹೇಳಿದೆ, ಆದರೂ. ತಿಮ್ಮವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ಒಳಗೆ ಹೋದಳು, ನನ್ನ ಕಡೆ ನೋಡಲಿಲ್ಲ. ಅವಳು ಇನ್ನು ಮುಂದೆ ನನ್ನನ್ನು ಅಣ್ಣಾರೆ ಅನ್ನುತ್ತಾಳೋ ಇಲ್ಲವೋ ತಿಳಿಯದು.

ದುರುಗಣ್ಣ ಟಿಫಿನ್ ಕಡೆ ಗಲ್ಲ ಎತ್ತಿದ. "ಏನದು? ಗಂಜಿನಾ? ತರ್ರಿ ಇಲ್ಲಿ."

"ಬ್ಯಾಡ, ಖಾರ ಐತೆ. ಕೈಮಾ ಐತೆ. ನಾನು ಯಾಕ ತಂದೆನೋ ನನಗೇ ಗೊತ್ತಿಲ್ಲ."

"ನನಗೆ ಗೊತ್ತೈತೆ, ತರ್ರಿ" ಎಂದು ಅಂಗೈ ಚಾಚಿದ.

ನಾನು ಒಂದು ಚಮಚ ಹಾಕಿದೆ. ಅವನು ನೆಕ್ಕಿದ. ಎಡಗಣ್ಣು ಮುಚ್ಚಿದ. ಗಂಜಿಯನ್ನು ಬಾಯೊಳಗೆ ಆ ಕಡೆ ಈ ಕಡೆ ಆಡಿಸಿದ. ನಾನು ಅವನ ಗಂಟಲನ್ನೇ ನೋಡುತ್ತಿದ್ದೆ. ಗಂಟಲು ಅಲುಗಲಿಲ್ಲ. ಅವನು ಪಕ್ಕದಲ್ಲಿದ್ದ ಬಟ್ಟಲನ್ನು ಎಳೆದುಕೊಂಡು, ಅದಕ್ಕೆ ಉಗುಳಿದ. ಲೋಟದಿಂದ ನೀರು ತೆಗೆದುಕೊಂಡು ಬಾಯಿ ಮುಕ್ಕಳಿಸಿ ಅದನ್ನೂ ಉಗುಳಿದ.

ಮೂವತ್ತು ವರ್ಷದಲ್ಲಿ ಅವನು ಅನ್ನ ಉಗುಳಿದ್ದನ್ನು ನಾನು ನೋಡಿರಲಿಲ್ಲ. ಅವನೂ ಆ ಬಟ್ಟಲನ್ನೇ ನೋಡಿದ.

"ನುಂಗದಿದ್ರೂ ಉಪ್ಪು ಗೊತ್ತಾಗ್ತತಲ್ಲ ಸಾಬ್ರೆ" ಅಂದ. ಅವನ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು. "ಇಷ್ಟು ವರ್ಷ ನಮಗ್ಯಾರಿಗೂ ಹೊಳೀಲೇ ಇಲ್ಲ."

ನನ್ನ ಕಣ್ಣಿಂದ ನೀರು ಇಳಿಯಿತು. ಮೌಲಾನಾ ಹೇಳಿದ್ದರು, ನಾವು ಕೇಳಲಿಲ್ಲ. ಅನ್ನಕ್ಕೆ ಮರ್ಯಾದೆ ಕೊಡುತ್ತೇವೆಂದು ಹೇಳಿಕೊಂಡು ನಾವು ಒಬ್ಬ ಮನುಷ್ಯನ ಗಂಟಲು ಸುಟ್ಟಿದ್ದೆವು. ಉಳಿಸಿಕೊಳ್ಳುವ ದಾರಿ ಕಂಡಾಗ ಆ ದಾರಿಗೆ ನಾನು ಅಡ್ಡ ಕೂತಿದ್ದೆ.

"ಅಳೋದು ಆಮೇಲೆ" ಅಂದ ದುರುಗಣ್ಣ. "ಉಪ್ಪು ಕಮ್ಮಿ ಐತೆ. ಪೂರಾ ಪಾತ್ರೆಗೆ ಒಂದೂವರೆ ಹಿಡಿ ಹಾಕ್ರಿ, ನಿಮ್ಮ ಹಿಡಿ ಅಲ್ಲ, ನನ್ನ ಹಿಡಿ. ಬೇಗ ಹೋಗ್ರಿ, ಮಂದಿ ಕಾಯ್ತಿರ್ತಾರೆ."

ನಾನು ಮಸೀದಿಗೆ ಹಿಂತಿರುಗಿ ಉಪ್ಪಿನ ಡಬ್ಬಿಗೆ ಕೈ ಹಾಕಿದೆ. ಅವನ ಹಿಡಿ ನನ್ನದಕ್ಕಿಂತ ದೊಡ್ಡದು. ಎಷ್ಟು ದೊಡ್ಡದು ಎಂದು ನಾನು ಯಾವತ್ತೂ ಅಳೆದು ನೋಡಿರಲಿಲ್ಲ. ಅಂದಾಜಿನ ಮೇಲೆ ಹಾಕಿದೆ. ಸರಿಯಾಯಿತೋ ಇಲ್ಲವೋ ನನ್ನ ನಾಲಿಗೆ ಹೇಳಲಾರದು. ರೋಜಾ ಬಿಟ್ಟವರು ಚೆನ್ನಾಗಿದೆ ಎಂದರು. "ಮಸ್ತಾನಸಾಬ್ರ ಕೈ ಅಂದ್ರೆ ಕೈ" ಎಂದು ಒಬ್ಬರು ಬಟ್ಟಲು ಮುಂದೆ ಹಿಡಿದರು. ನಾನು ಸೌಟು ಕೆಳಗಿಟ್ಟೆ. ಉಪ್ಪು ನೋಡಿದವನು ಸರಸ್ವತಿ ನಗರದಲ್ಲಿದ್ದಾನೆ, ಅವನ ಹೆಸರು ದುರುಗಣ್ಣ ಎಂದೆ.